ರುದ್ರಮೂರ್ತಿಯ ತಲೆಗೆ ಬಗೆಬಗೆ ಎಣ್ಣೆ

ಅವತ್ತು ಬೆಳಗ್ಗೆ ಪಂಕಜಾಕ್ಷಿ ಒಗ್ಗರಣೆಗೆ ಸಾಸಿವೆ ಹಾಕಿದಳು. ಅದೇನು ದೊಡ್ಡ ಸದ್ದಲ್ಲ. ಆದರೆ ಒಳಕೋಣೆಯಲ್ಲಿ ಮಲಗಿದ್ದ ಅವಳ ಗಂಡ ರುದ್ರಮೂರ್ತಿಗೆ ಒಂದೊಂದು ಸಾಸಿವೆಯೂ ತನ್ನ ಎಡಗಣ್ಣಿನ ಹಿಂದೆಯೇ ಸಿಡಿದ ಹಾಗಾಯಿತು. ದಿಂಬನ್ನು ತಲೆಯ ಮೇಲೆ ಒತ್ತಿಕೊಂಡು, "ಪಂಕಜಾ, ಒಲೆ ಆರಿಸೇ... ಬಂದ್ಬಿಡ್ತು ಕಣೇ," ಎಂದು ನರಳಿದ.

ಬಂದದ್ದು ಅರೆತಲೆನೋವು. ಬಂದರೆ ಅರ್ಧ ತಲೆಯನ್ನು ಹಿಡಿದುಕೊಂಡು ಇಡೀ ಮನುಷ್ಯನನ್ನು ಅಲ್ಲಾಡಿಸುತ್ತಿತ್ತು. ಬೆಳಕು ಕಂಡರೆ ಆಗದು, ಸದ್ದು ಕೇಳಿದರೆ ಆಗದು. ಇನ್ನೊಬ್ಬರಾದರೆ ಬಾಗಿಲು ಹಾಕಿಕೊಂಡು ಮಲಗಬಹುದಿತ್ತು. ರುದ್ರಮೂರ್ತಿಯ ಕಸುಬೋ, ಮೈಕ್‌ಸೆಟ್ಟು! ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಅವನ ಅಂಗಡಿ. ಸುತ್ತಿನ ಊರುಗಳ ಮದುವೆ, ನಾಮಕರಣ, ಸಭೆ ಸಮಾರಂಭಗಳಿಗೆಲ್ಲ ಸದ್ದು ಹಂಚುವವನೇ ಅವನು. ಕಿವಿಗೆ ಹತ್ತಿ ತುರುಕಿಕೊಂಡು, ಕರಿ ಕನ್ನಡಕ ಹಾಕಿಕೊಂಡು, ಹಲ್ಲು ಕಚ್ಚಿ ಕೆಲಸ ಮುಗಿಸಿದ ದಿನಗಳು ಎಷ್ಟೋ. ಒಪ್ಪಿಕೊಂಡ ಕಾರ್ಯಕ್ರಮವನ್ನು ನೋವಿನ ನೆವದಲ್ಲಿ ಕೈಬಿಟ್ಟವನಲ್ಲ. ಅವನು ಕಟ್ಟಿದ ಮೈಕು ಒಮ್ಮೆಯೂ ಕುಂಯ್ ಅಂದದ್ದನ್ನು ಯಾರೂ ಕೇಳಿಲ್ಲ. ಈ ಗುಣಕ್ಕೆ ಊರು ಅವನನ್ನು ಮೆಚ್ಚಿಕೊಂಡಿತ್ತು. ಅವನಿಗೆ ಇನ್ನೊಂದು ಗುಣವೂ ಇತ್ತು: ಪ್ರೀತಿಯಿಂದ ಯಾರು ಏನು ಕೊಟ್ಟರೂ 'ಬೇಡ' ಎನ್ನಲು ಬಾಯಿ ಬರುತ್ತಿರಲಿಲ್ಲ.

ಅವತ್ತಿನ ಕೆಲಸ ಇದ್ದದ್ದು ಹತ್ತಿರದ ಶಿವನಿ ಊರಿನಲ್ಲಿ. ಹೊಸ ಸಮುದಾಯ ಭವನದ ಉದ್ಘಾಟನೆ, ಮಠದ ಸ್ವಾಮೀಜಿ ಬರುವವರಿದ್ದರು. ಹಿಂದಿನ ಸಲ, ಅಡಿಗಲ್ಲು ಹಾಕಿದ ದಿನ, ಬೇರೆ ಯಾರನ್ನೋ ಕರೆಸಿ, ಸ್ವಾಮೀಜಿ ಆಶೀರ್ವಚನಕ್ಕೆ ನಿಂತ ಗಳಿಗೆಯಲ್ಲೇ ಮೈಕು ಕೆಟ್ಟು, ಭವನ ಸಮಿತಿಯ ಅಧ್ಯಕ್ಷ ತೀರ್ಥಪ್ಪನ ಮಾನ ಹೋಗಿತ್ತು. "ಈ ಸಲ ನೀನು ಗೆಲ್ಲಿಸಿಕೊಟ್ರೆ, ಇನ್ಮೇಲೆ ಭವನದಲ್ಲಿ ಏನೇ ನಡೀಲಿ, ಮೈಕು ನಿಂದೇ ಕಣಯ್ಯಾ," ಎಂದು ತೀರ್ಥಪ್ಪ ಮಾತು ಕೊಟ್ಟಿದ್ದ.

"ಹೋಗ್ಲೇಬೇಕು," ಎಂದು ರುದ್ರಮೂರ್ತಿ ಗೋಡೆ ಹಿಡಿದು ಎದ್ದ.

"ನಿಲ್ರೀ, ಹಂಗೇ ಹೋಗ್ಬೇಡಿ. ಸುಲೋಚನಮ್ಮೋರನ್ನ ಕರೀತೀನಿ," ಎಂದು ಪಂಕಜಾಕ್ಷಿ ಹಿತ್ತಿಲ ಬೇಲಿಯ ಕಡೆ ಓಡಿದಳು.

ಪಕ್ಕದ ಮನೆಯ ಸುಲೋಚನಮ್ಮ ನಿವೃತ್ತ ಮೇಷ್ಟರಮ್ಮ. ನಿವೃತ್ತಿಯಾದವರು ಸುಮ್ಮನೆ ಕೂರಲಿಲ್ಲ. ಫೋನಿನಲ್ಲೇ ಪಾಠ ಕೇಳಿ, ಪರೀಕ್ಷೆ ಬರೆದು, ಸುಗಂಧ ತೈಲಗಳ ವಿದ್ಯೆ ಕಲಿತಿದ್ದರು. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಷ್ಟೇ ಶ್ರದ್ಧೆಯಿಂದ ಈಗ ಬೀದಿಯವರ ಶೀತ, ನಿದ್ದೆಗೇಡು, ತಲೆಭಾರಗಳಿಗೆ ಎಣ್ಣೆ ಬೆರೆಸಿ ಕೊಡುತ್ತಿದ್ದರು. ಬೀದಿಯೂ ಅವರನ್ನು ತಲೆಯ ಮೇಲಿಟ್ಟುಕೊಂಡಿತ್ತು.

ಅವರು ಮರದ ಪೆಟ್ಟಿಗೆ ಹಿಡಿದು ಬಂದರು. ಚಿಕ್ಕ ಬಟ್ಟಲಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸುರಿದು, ಪುದೀನಾ ತೈಲದ ಒಂದೇ ಒಂದು ಹನಿ ಬೀಳಿಸಿ, ಬೆರಳಲ್ಲಿ ಕಲಸಿ, ರುದ್ರಮೂರ್ತಿಯ ಹಣೆಗೂ ಕಣತಲೆಗೂ ಮೆಲ್ಲಗೆ ಸವರಿದರು.

"ಬರೀ ತೈಲ ಹಚ್ಚಿದ್ರೆ ಚರ್ಮ ಸುಟ್ಟಂಗಾಗುತ್ತೆ, ಅದಕ್ಕೇ ಕೊಬ್ಬರಿ ಎಣ್ಣೇಲಿ ಬೆರೆಸೋದು. ಕಣ್ಣಿಗೆ ಮಾತ್ರ ಸೋಕಬಾರದು. ಈಗ ಕಣ್ಮುಚ್ಚಿ ನಿಧಾನಕ್ಕೆ ಉಸಿರಾಡಪ್ಪಾ."

ರುದ್ರಮೂರ್ತಿ ಉಸಿರಾಡಿದ. ಸುಡುವ ಹಂಚಿನ ಮೇಲೆ ಯಾರೋ ಒದ್ದೆ ಬಟ್ಟೆ ಹಾಸಿದ ಹಾಗೆ ಹಣೆ ತಣ್ಣಗಾಯಿತು. ನೋವು ಪೂರ್ತಿ ಹೋಗಲಿಲ್ಲ, ಆದರೆ ನಡುಮನೆಯಲ್ಲಿ ಕುಣಿಯುತ್ತಿದ್ದದ್ದು ಎದ್ದು ಜಗುಲಿಗೆ ಹೋಗಿ ಕೂತಿತು.

"ಅಮ್ಮಾ, ನಿಮ್ ಕೈ ದೊಡ್ಡದು," ಎಂದ ಅವನು, ಕಣ್ಣು ತೆರೆದು.

"ಕೈಯಿಂದಲ್ಲ, ಎಣ್ಣೆಯಿಂದ. ಒಂದು ಮಾತು ನೆನಪಿಟ್ಕೋ. ಇದ್ರ ಮೇಲೆ ಇನ್ನೊಂದು ವಾಸನೆ ಹಚ್ಕೋಬೇಡ. ನಿನ್ನಂಥ ತಲೆಗೆ ವಾಸನೆ ಜಾಸ್ತಿ ಆದ್ರೂ ನೋವೇ. ಬಿಡುವು ಮಾಡ್ಕೊಂಡು ತರೀಕೆರೆಗೆ ಹೋಗಿ ಡಾಕ್ಟರಿಗೂ ತೋರ್ಸು."

"ಇಲ್ಲಮ್ಮಾ, ಇನ್ನೇನೂ ಮುಟ್ಟಲ್ಲ," ಎಂದು ರುದ್ರಮೂರ್ತಿ ಮನಃಪೂರ್ವಕವಾಗಿಯೇ ಹೇಳಿ ಹೊರಟ.

ಆ ಮಾತು ಅಂಗಡಿಯ ತನಕ ನಿಂತಿತು.

ಪಕ್ಕದ ಅಂಗಡಿ ಮಹಬೂಬ್ ಸಾಬರದು. ಅತ್ತರು, ಊದುಬತ್ತಿ, ಸುರುಮ ಮಾರುವ ಹಿರಿಯರು. ಬೆಳಗ್ಗೆ ಇಬ್ಬರೂ ಒಟ್ಟಿಗೇ ಬಾಗಿಲೆತ್ತಬೇಕು, ಒಬ್ಬರು ತಂದ ಚಹಾ ಇಬ್ಬರೂ ಕುಡಿಯಬೇಕು. ಅಷ್ಟು ಹಳೆಯ ಸ್ನೇಹ. ರುದ್ರಮೂರ್ತಿಯ ಮುಖ ನೋಡಿದ್ದೇ ಸಾಬರು ತಕ್ಕಡಿ ಕೆಳಗಿಟ್ಟರು.

"ಏನ್ ರುದ್ರಣ್ಣ, ಮತ್ತೆ ಆ ಹಾಳು ನೋವಾ? ಇದೇನು, ಪುದೀನಾ ಚಟ್ನಿ ವಾಸನೆ?"

"ಸುಲೋಚನಮ್ಮೋರು ಹಚ್ಚಿದ್ರು ಸಾಬ್ರೇ. ವಾಸಿ ಆಗ್ತಿದೆ."

"ಒಳ್ಳೇದೇ. ಆದ್ರೆ ಬಿಸಿಲಿಗೆ ಹೋಗ್ತಿದೀಯ, ಅದು ಎಷ್ಟೊತ್ತು ನಿಲ್ಲುತ್ತೆ? ತಡಿ." ಸಾಬರು ಒಳಗಿನ ಕಪಾಟಿನಿಂದ ಹಸಿರು ಸೀಸೆಯೊಂದನ್ನು ಮಗುವನ್ನೆತ್ತುವ ಹಾಗೆ ಎತ್ತಿ ತಂದರು. "ಲಾವಂಚದ ಅತ್ತರು. ಇದನ್ನ ಮಾರೋದಿಲ್ಲ. ನಮ್ ಶರೀಫುನ್ನೀಸಾಗೆ ಬೇಸಿಗೇಲಿ ತಲೆ ಸಿಡಿದ್ರೆ ಅಂತ ಇಟ್ಟಿರೋದು. ನಿನಗಿಂತ ಹೆಚ್ಚಾ?"

ಹೆಂಡತಿಗೆಂದು ಇಟ್ಟದ್ದನ್ನು ತೆಗೆದುಕೊಡುವ ಮನುಷ್ಯನಿಗೆ ಬೇಡ ಎನ್ನುವುದು ಹೇಗೆ? ರುದ್ರಮೂರ್ತಿ ಕತ್ತು ಬಗ್ಗಿಸಿದ. ಸಾಬರು ಕಿವಿಯ ಹಿಂದೆ, ಕತ್ತಿಗೆ, ಮಣಿಕಟ್ಟಿಗೆ ಹಚ್ಚಿ, ಉಳಿದದ್ದನ್ನು ಹತ್ತಿಯಲ್ಲಿ ಅದ್ದಿ ಎರಡೂ ಕಿವಿಗೆ ಸಿಕ್ಕಿಸಿದರು. ಪುದೀನಾ ಮತ್ತು ಲಾವಂಚ ಅವನ ಮೂಗಿನ ಬಾಗಿಲಲ್ಲಿ 'ನಾನು ಮೊದಲು, ನಾನು ಮೊದಲು' ಎಂದು ನೂಕಾಡತೊಡಗಿದವು. ಜಗುಲಿಯಲ್ಲಿ ಕೂತಿದ್ದ ನೋವು ಏನು ಗಲಾಟೆ ಎಂದು ಒಳಗೆ ಇಣುಕಿತು.

ಸಾಮಾನೆಲ್ಲ ವ್ಯಾನಿಗೆ ಏರಿತು. ವ್ಯಾನು ಓಡಿಸುವವನು ಪ್ರಸನ್ನಕುಮಾರ್. ಎರಡು ಮಕ್ಕಳ ತಂದೆ. ರುದ್ರಮೂರ್ತಿಯನ್ನು ಕಂಡರೆ ಪ್ರಾಣ, ಫೋನು ಕಂಡರೆ ಅದಕ್ಕಿಂತ ಪ್ರಾಣ. ಏನು ಕಂಡರೂ ವಿಡಿಯೋ ಹಿಡಿದು ಎಲ್ಲ ಗುಂಪುಗಳಿಗೂ ಹಾಕುವುದು ಅವನ ಚಟ. ಊರು ದಾಟುತ್ತಲೇ ರಸ್ತೆಯ ಗುಂಡಿಯೊಂದಕ್ಕೆ ವ್ಯಾನು ಧಡಕ್ಕೆಂದಿತು. ರುದ್ರಮೂರ್ತಿ "ಅಯ್ಯಪ್ಪಾ" ಎಂದು ಹಣೆ ಹಿಡಿದುಕೊಂಡ.

"ಅಣ್ಣಾ, ಹಿಂಗ್ ನರಳ್ತಿದ್ರೆ ನನ್ ಕೈ ಸ್ಟೇರಿಂಗ್ ಮೇಲೆ ನಿಲ್ಲಲ್ಲ," ಎಂದು ಪ್ರಸನ್ನಕುಮಾರ್ ವ್ಯಾನು ಬದಿಗೆ ನಿಲ್ಲಿಸಿ ಸೀಟಿನಡಿಯಿಂದ ಸೀಸೆ ತೆಗೆದ. "ನೀಲಗಿರಿ ಎಣ್ಣೆ. ಘಾಟಿಗೇ ನೋವು ಓಡಿಹೋಗುತ್ತೆ. ಟವಲ್ ಕೊಡಿ."

"ಬೇಡ ಕಣೋ, ಸುಲೋಚನಮ್ಮೋರು..." ಎನ್ನುವುದರಲ್ಲಿ ಅರ್ಧ ಸೀಸೆ ಟವಲಿನ ಮೇಲಿತ್ತು. ಟವಲು ಅವನ ಹಣೆಯ ಸುತ್ತ ಬಿಗಿದಿತ್ತು. ಧೂಳು ಬರುತ್ತದೆಂದು ಕಿಟಕಿಯ ಗಾಜೂ ಮೇಲೇರಿತು. ಶಿವನಿ ತಲುಪುವಷ್ಟರಲ್ಲಿ ಬಿಸಿಲು, ಬೆವರು, ನೀಲಗಿರಿ ಮೂರೂ ಸೇರಿ ಹಣೆಯಿಂದ ನೇರ ಕಣ್ಣಿಗಿಳಿದವು. ರುದ್ರಮೂರ್ತಿಗೆ ಕಣ್ಣು ಬಿಟ್ಟರೆ ಉರಿ, ಮುಚ್ಚಿದರೆ ಕುರುಡು. ಎರಡೂ ಕೆನ್ನೆಯ ಮೇಲೆ ನೀರು ಧಾರಾಕಾರ ಹರಿಯುತ್ತಿತ್ತು.

ಹಾಗೇ ಅಳುತ್ತ ಭವನದ ಮುಂದಿನ ಶಾಮಿಯಾನಕ್ಕೆ ತಂತಿ ಎಳೆದ, ಅಳುತ್ತ ಸ್ಪೀಕರ್ ಏರಿಸಿದ, ಅಳುತ್ತ "ಹಲೋ, ಹಲೋ" ಎಂದ. ಮೈಕು ಗಂಟೆ ಬಾರಿಸಿದ ಹಾಗೆ ನುಡಿಯಿತು. ಅಷ್ಟರಲ್ಲಿ ಸ್ವಾಮೀಜಿಯ ಕಾರು ಬಂತು. ಮೈಕಿನ ಪಕ್ಕದಲ್ಲಿ ಕೈಮುಗಿದು, ಕಣ್ಣೀರು ಸುರಿಸುತ್ತ ನಿಂತ ರುದ್ರಮೂರ್ತಿಯನ್ನು ಕಂಡು ಸ್ವಾಮೀಜಿ ಅರೆಕ್ಷಣ ನಿಂತು, ಅವನ ತಲೆ ಮುಟ್ಟಿ ಮುಂದೆ ಹೋದರು.

"ಏನ್ ಭಕ್ತಿ ನೋಡ್ರೋ! ನಾವೂ ಇದೀವಿ, ಕಣ್ಣಲ್ಲಿ ಒಂದ್ ತೊಟ್ಟಿಲ್ಲ," ಎಂದು ಮುಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರಿಟ್ಟರು. ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ತೀರ್ಥಪ್ಪ ವೇದಿಕೆಯಿಂದ ಇಳಿದು ಬಂದು ಅವನ ಭುಜ ಹಿಡಿದ. "ಸಾಕು ಕಣಯ್ಯಾ, ನಿನ್ ಭಕ್ತಿ ನೋಡಿ ನನ್ ಹೊಟ್ಟೆ ತುಂಬ್ತು."

"ಭಕ್ತಿ ಅಲ್ಲ ಅಧ್ಯಕ್ಷರೇ, ತಲೆನೋವು. ಬೆಳಗ್ಗಿಂದ ತಲೆ ಒಡೆದು ಹೋಗ್ತಿದೆ."

ತೀರ್ಥಪ್ಪನ ಕಣ್ಣಲ್ಲಿ ರುದ್ರಮೂರ್ತಿ ಇನ್ನೂ ಒಂದು ಮೆಟ್ಟಿಲು ಮೇಲೇರಿದ. "ಇಂಥಾ ನೋವಿಟ್ಕೊಂಡು ನನ್ ಮಾನ ಕಾಯೋಕೆ ಬಂದ್ಯಾ? ಅಯ್ಯೋ ನಿನ್ನ!" ಎನ್ನುತ್ತ ಎದುರಿನ ತನ್ನ ಮನೆಗೆ ದಾಪುಗಾಲು ಹಾಕಿ, ದೊಡ್ಡ ಬಾಟಲಿಯೊಂದಿಗೆ ಮರಳಿದ. "ಅಳಿಯ ತೋಟದಲ್ಲಿ ಬೆಳೆದು ತೆಗೆಸಿದ್ದು. ನಿಂಬೆಹುಲ್ಲಿನ ಎಣ್ಣೆ. ಮಜ್ಜಿಗೆಗೆ ಹಾಕ್ತಾರಲ್ಲ, ಅದೇ ಹುಲ್ಲು. ತಲೆಗೆ ಹೊಯ್ದ್ರೆ ಹಿಮದಂಗಿರುತ್ತೆ."

"ಒಂದ್ ಹನಿ ಸಾಕು..."

"ಹನಿ ಲೆಕ್ಕ ಹಾಕೋ ಮನೆ ಅಲ್ಲ ನಮ್ದು!" ಎಂದು ತೀರ್ಥಪ್ಪ ಬಾಟಲಿಯನ್ನೇ ಬಗ್ಗಿಸಿದ. ನೆತ್ತಿ, ಟವಲು, ಕೊರಳು, ಅಂಗಿ ಎಲ್ಲ ತೊಯ್ದವು. ಈಗ ರುದ್ರಮೂರ್ತಿ ನಿಂತ ಜಾಗದ ಸುತ್ತ ಒಂದು ಮಾರು ದೂರ ಯಾರಿಗೂ ನಿಲ್ಲಲಾಗುತ್ತಿರಲಿಲ್ಲ. ಅವನಿಗೋ ತಲೆಯೊಳಗೆ ಗೂಡ್ಸ್ ರೈಲು ಹಳಿ ಬದಲಿಸುತ್ತಿತ್ತು. ಆದರೂ ಬೆರಳು ಮಾತ್ರ ಮೈಕಿನ ಗುಂಡಿಯಿಂದ ಕದಲಲಿಲ್ಲ.

ಸ್ವಾಮೀಜಿ ಆಶೀರ್ವಚನಕ್ಕೆ ಎದ್ದರು. ಮೈಕಿನ ಎತ್ತರ ಸರಿಮಾಡಲೆಂದು ರುದ್ರಮೂರ್ತಿ ವೇದಿಕೆಯ ಮೇಲೆ ಬಂದ. ಆಗ ಎಲ್ಲಿಂದಲೋ ಒಂದು ಗುಂಯ್‌ಗುಡುವ ಸದ್ದು ಶುರುವಾಯಿತು. ತನ್ನ ಮೈಕೇ ಮೊದಲ ಸಲ ಮಾನ ಕಳೆಯುತ್ತಿದೆ ಎಂದುಕೊಂಡು ಅವನು ಗಾಬರಿಯಿಂದ ಗುಂಡಿ ಒತ್ತಿ ಮೈಕು ಆರಿಸಿಬಿಟ್ಟ. ಸದ್ದು ನಿಲ್ಲಲಿಲ್ಲ. ಅದು ಶಾಮಿಯಾನದ ಆಚೆಯಿಂದ, ತೆಂಗಿನ ತೋಟದ ಮೇಲಿಂದ, ಹೊಗೆಯ ಹಾಗೆ ಸುರುಳಿ ಸುತ್ತುತ್ತ ಬರುತ್ತಿತ್ತು.

"ಜೇನು! ಜೇನು ಕಣ್ರೋ!" ಎಂದು ಯಾರೋ ಕಿರುಚಿದರು.

ಹಳೆಯ ಗೂಡು ಬಿಟ್ಟು ಹೊಸ ಮನೆ ಹುಡುಕಿಕೊಂಡು ಹೊರಟ, ಸಾಧು ಜಾತಿಯ ತುಡುವೆ ಜೇನಿನ ಹಿಂಡು. ಶಾಮಿಯಾನದ ಮೇಲೆ ಒಂದು ಸುತ್ತು ಹಾಕಿ, ಸಭೆಯಲ್ಲಿದ್ದ ಅಷ್ಟೂ ತಲೆಗಳಲ್ಲಿ ಒಂದನ್ನು ಆರಿಸಿಕೊಂಡು, ಇಡಿಯಾಗಿ ರುದ್ರಮೂರ್ತಿಯ ಟವಲಿನ ಮೇಲಿಳಿಯಿತು.

ಕುರ್ಚಿಗಳು ಮಗುಚಿದವು. ಜನ ದಾರಿಯಿದ್ದ ಕಡೆಯಿಂದಲೂ, ದಾರಿಯಿಲ್ಲದ ಕಡೆಯಿಂದಲೂ ಓಡಿದರು. ತೀರ್ಥಪ್ಪ ಸ್ವಾಮೀಜಿಯನ್ನು ಭವನದ ಒಳಗೆ ಸೇರಿಸಿ ಕಿಟಕಿಯ ಸಂದಿಯಿಂದ ಕಣ್ಣರಳಿಸಿ ನೋಡತೊಡಗಿದ. ಪ್ರಸನ್ನಕುಮಾರ್ ವ್ಯಾನಿನೊಳಗೆ ಸೇರಿ ಗಾಜೇರಿಸಿ, "ಅಣ್ಣಾ!" ಎಂದು ಅಳುತ್ತಲೇ ಫೋನು ಮೇಲೆತ್ತಿದ.

ರುದ್ರಮೂರ್ತಿ ಓಡಲಿಲ್ಲ. ಓಡಬೇಕೆಂದೇ ಅವನ ಪೂರ್ಣ ಇಷ್ಟವಾಗಿತ್ತು. ಮನೆಯಲ್ಲಿ ಒಂದು ಕಣಜದ ಹುಳ ಹಾರಿದರೆ ಹೆಂಡತಿಯನ್ನು ಮುಂದೆ ಬಿಟ್ಟು ಬಾಗಿಲ ಹಿಂದೆ ನಿಲ್ಲುವ ಪೈಕಿ ಅವನು. ಆದರೆ ಹೆದರಿಕೆಗೆ ಕಾಲು ನೆಲಕ್ಕೆ ಬೇರುಬಿಟ್ಟಿತ್ತು. ರೆಪ್ಪೆ ಕೂಡ ಅವನ ಮಾತು ಕೇಳುತ್ತಿರಲಿಲ್ಲ. ತಲೆಯ ಮೇಲೆ ಹಲಸಿನಹಣ್ಣಿನಷ್ಟು ಜೇನು ಹೊತ್ತು, ಕೈಯಲ್ಲಿ ಸತ್ತ ಮೈಕು ಹಿಡಿದು ಕಂಬದ ಹಾಗೆ ನಿಂತ.

ಆಮೇಲೆ ಒಂದು ಸೋಜಿಗ ನಡೆಯಿತು. ಸುತ್ತಮುತ್ತ ಒಬ್ಬರಿಲ್ಲ. ಭಾಷಣವಿಲ್ಲ, ಚಪ್ಪಾಳೆಯಿಲ್ಲ, ಹಾರನ್ನಿಲ್ಲ. ಶಾಮಿಯಾನದ ನೆರಳು. ನೆತ್ತಿಯ ಮೇಲೆ ಒಂದೇ ಸಮನೆ, ದೂರದ ತಂಬೂರಿಯ ಹಾಗೆ, ಝೇಂಕಾರ. ಮೈಕ್‌ಸೆಟ್ಟಿನ ಕಸುಬು ಹಿಡಿದ ಮೇಲೆ ಇಂಥ ಪ್ರಶಾಂತತೆಯನ್ನು ಅವನು ಅನುಭವಿಸಿದ್ದೇ ಇಲ್ಲ. ಅಲುಗಾಡದೆ, ಮೆಲ್ಲಗೆ ಉಸಿರಾಡುತ್ತ ನಿಂತಂತೆ ಎಡಗಣ್ಣಿನ ಹಿಂದಿನ ನೋವು ಒಂದೊಂದೇ ಎಳೆ ಬಿಚ್ಚಿಕೊಂಡು, ಕೊನೆಗೆ ಹೇಳದೆ ಕೇಳದೆ ಎದ್ದುಹೋಯಿತು. ಹೆದರಿಕೆಯ ನಡುವೆಯೂ ರುದ್ರಮೂರ್ತಿಯ ಮುಖದ ಮೇಲೆ ಒಂದು ನಗೆ ಮೂಡಿತು. ಪ್ರಸನ್ನಕುಮಾರನ ಫೋನು ಆ ನಗೆಯನ್ನು ಹತ್ತಿರಕ್ಕೆಳೆದು ಹಿಡಿಯಿತು.

ಜೇನಿಗೂ ಆ ಮನೆ ಒಗ್ಗಲಿಲ್ಲವೇನೋ. ಸ್ವಲ್ಪ ಹೊತ್ತಿಗೆ ಹಿಂಡು ಬಂದಂತೆಯೇ ಇಡಿಯಾಗಿ ಎದ್ದು ಕೆರೆಯ ಕಡೆ ಹಾರಿಹೋಯಿತು. ಒಂದು ಹುಳವೂ ಕಚ್ಚಿರಲಿಲ್ಲ.

ಜನ ಒಬ್ಬೊಬ್ಬರೇ ಬಂದರು. ಮುದುಕಿಯೊಬ್ಬಳು ದೂರದಿಂದಲೇ ಕೈಮುಗಿದಳು. ಸ್ವಾಮೀಜಿ ತಮಗೆ ಹಾಕಿದ್ದ ಶಾಲನ್ನು ತೆಗೆದು ಅವನಿಗೆ ಹೊದಿಸಿ, ಮೈಕು ಹಾಕಿಸಿಕೊಂಡು ಅಂದರು: "ಮನಸ್ಸು ನಿಲ್ಲಿಸಿ, ಮನಸ್ಸು ನಿಲ್ಲಿಸಿ ಅಂತ ನಾವು ಇಷ್ಟು ವರ್ಷ ಮೈಕಿನಲ್ಲಿ ಹೇಳ್ತಾ ಬಂದೆವು. ಇವತ್ತು ಮೈಕಿನವರೇ ಮಾಡಿ ತೋರಿಸಿದರು. ನಮ್ಮ ಆಶೀರ್ವಚನ ಇಷ್ಟೇ."

ಚಪ್ಪಾಳೆ ಶಾಮಿಯಾನ ಹಾರಿಸುವಂತಿತ್ತು. ತೀರ್ಥಪ್ಪ ಅಲ್ಲೇ ಘೋಷಿಸಿದ, "ಭವನ ಇರೋ ತನಕ ಮೈಕು ರುದ್ರಮೂರ್ತಿದೇ!"

ಸಂಜೆಯ ಬಿಸಿಲಲ್ಲಿ ಅಜ್ಜಂಪುರಕ್ಕೆ ಮರಳುವಾಗ ರುದ್ರಮೂರ್ತಿಯ ತಲೆ ಹೂವಿನಷ್ಟು ಹಗುರವಾಗಿತ್ತು. ಮನೆಯ ಮುಂದೆ ಬೀದಿಯೇ ನೆರೆದಿತ್ತು. ವಿಡಿಯೋ ಅವನಿಗಿಂತ ಮೊದಲೇ ಮನೆ ಮುಟ್ಟಿ, ತರೀಕೆರೆ ಸುತ್ತಿ, ಕಡೂರಿಗೂ ಹೋಗಿತ್ತು. ಪಂಕಜಾಕ್ಷಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಂಡನನ್ನು ಅವಳು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ಮದುವೆಯಾದ ಹೊಸತರಲ್ಲೇ. ಮಹಬೂಬ್ ಸಾಬರು ಅಂಗಡಿಗೆ ಬೀಗ ಹಾಕಿ ಬಂದಿದ್ದರು. "ನಾನು ಕಿವಿಗಿಟ್ಟ ಹತ್ತಿ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತೆ," ಎಂದು ಎಲ್ಲರಿಗೂ ತೋರಿಸುತ್ತಿದ್ದರು.

ಸುಲೋಚನಮ್ಮ ಮಾತ್ರ ಹತ್ತಿರ ಬಂದು ಅವನ ಟವಲನ್ನು ಮೂಸಿದರು. ಹುಬ್ಬು ಮೇಲೇರಿತು.

"ಪುದೀನಾ ನಂದು. ಲಾವಂಚ ಸಾಬ್ರದು. ನೀಲಗಿರಿ ಯಾರದೋ. ಇದೇನಪ್ಪಾ... ನಿಂಬೆಹುಲ್ಲು? ಅಯ್ಯೋ ಮಹರಾಯ, ಜೇನು ಸಾಕೋರು ಹುಳ ಕರೆಯೋಕೆ ಪೆಟ್ಟಿಗೆಗೆ ಹಚ್ಚೋದೇ ಇದನ್ನ! ನಿನ್ ತಲೇನ ಗೂಡು ಅಂದ್ಕೊಂಡು ಬಂದಿವೆ!"

ರುದ್ರಮೂರ್ತಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಹೊಗಳಿಕೆ ಕೇಳಿ ಕೇಳಿ ಅವನಿಗೆ ನಾಚಿಕೆಯಾಗುತ್ತಿತ್ತು. ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ನೋಡಿ, ಅಷ್ಟೇ ವಿಷಯ! ನಂದೇನೂ ಇಲ್ಲ. ನಾನು ಹೆದರಿ ಕಲ್ಲಾಗಿದ್ದೆ, ಕಾಲು ಬರ್ಲಿಲ್ಲ, ಬಂದಿದ್ರೆ ನಾನೇ ಎಲ್ಲರಿಗಿಂತ ಮುಂಚೆ ಓಡ್ತಿದ್ದೆ."

ಮಹಬೂಬ್ ಸಾಬರು ತಲೆದೂಗಿದರು. "ದೊಡ್ಡವರು ಮಾತಾಡೋದೇ ಹಿಂಗೆ."

"ಅಷ್ಟೆಲ್ಲ ಮಾಡಿ, ಏನೂ ಮಾಡಿಲ್ಲ ಅಂತಾರಲ್ಲ!" ಎಂದು ಪಂಕಜಾಕ್ಷಿಯ ಕಣ್ಣು ತುಂಬಿತು. ಬೀದಿ ಮತ್ತೆ ಚಪ್ಪಾಳೆ ತಟ್ಟಿತು.

ಅಷ್ಟರಲ್ಲಿ ಮನೆಯ ಮುಂದೆ ಒಂದು ಜೀಪು ಬಂದು ನಿಂತಿತು. ಧೂಳು ಮೆತ್ತಿದ ರುಮಾಲಿನ ಎತ್ತರದ ಆಸಾಮಿಯೊಬ್ಬ ಇಳಿದು, ಗುಂಪಿನಲ್ಲಿ ಶಾಲು ಹೊದ್ದವನನ್ನು ಗುರುತು ಹಿಡಿದು, ನೇರ ಬಂದು ಕೈಮುಗಿದ.

"ನಾನು ಸಣ್ಣಬೀರಪ್ಪ ಅಂತ, ಸ್ವಾಮಿ. ಯಗಟಿಯಿಂದ ಬಂದೆ, ಕುರಿ ಸಾಕೋರು ನಾವು. ನಿಮ್ ವಿಡಿಯೋ ನೋಡಿ ಊರೋರೆಲ್ಲ ಸೇರಿ ಕಳ್ಸಿದ್ರು. ನಮ್ಮೂರ ನೀರಿನ ಟ್ಯಾಂಕಿಗೆ ಜೇನು ಕಟ್ಟಿದೆ. ನೀರು ಬಿಡೋಕೆ ಒಬ್ಬನೂ ಹತ್ತಂಗಿಲ್ಲ. ಹೆಂಗಸ್ರು ಮಕ್ಳು ಹೊಲದ ಬಾವಿಯಿಂದ ಹೊತ್ತು ತರ್ತಾವ್ರೆ. ಇದನ್ನ ಬಿಡಿಸೋಕೆ ನೀವೇ ಸೈ."

ರುದ್ರಮೂರ್ತಿಯ ಕಾಲು ಮತ್ತೆ ನೆಲಕ್ಕೆ ಬೇರು ಬಿಡಲು ಶುರುವಾಯಿತು. ಹೆಂಗಸರು ಮಕ್ಕಳು ನೀರು ಹೊರುತ್ತಿದ್ದಾರೆ ಎಂದ ಮೇಲೆ ಬೇಡ ಎನ್ನಲು ಎಂದಿನಂತೆ ಬಾಯಿ ಬರಲಿಲ್ಲ. ಕೊನೆಯ ಆಸೆಯಿಂದ ಮೆಲ್ಲಗೆ ಕೇಳಿದ, "ಯಾವ ಜೇನಪ್ಪಾ? ಇದೇ ತುಡುವೆ ತಾನೇ?"

"ತುಡುವೆಗೆಲ್ಲ ನಿಮ್ಮಂಥೋರಿಗೆ ತೊಂದ್ರೆ ಕೊಡ್ತೀವಾ ಸ್ವಾಮಿ? ಹೆಜ್ಜೇನು! ಮೊನ್ನೆ ನಮ್ಮ ಟಗರನ್ನ ಅಟ್ಟಿಸ್ಕೊಂಡು ಹೋಗಿ ಪಕ್ಕದೂರು ಮುಟ್ಟಿಸಿ ಬಂದ್ವು. ಅದು ಇನ್ನೂ ವಾಪಸ್ ಬಂದಿಲ್ಲ."

ರುದ್ರಮೂರ್ತಿ ಹೆಂಡತಿಯ ಕಡೆ ತಿರುಗಿದ. ಆ ನೋಟದಲ್ಲಿ 'ನೀನಾದರೂ ಬೇಡ ಅನ್ನೇ' ಎಂಬ ಮೊರೆಯಿತ್ತು. ಪಂಕಜಾಕ್ಷಿ ಅದನ್ನು ಅರ್ಥಮಾಡಿಕೊಂಡವಳ ಹಾಗೆ ಮುಂದೆ ಬಂದು, ಅವನ ಶಾಲು ಸರಿಮಾಡಿ, ಹೆಮ್ಮೆಯಿಂದ ಸಣ್ಣಬೀರಪ್ಪನಿಗೆ ಹೇಳಿದಳು:

"ನಮ್ಮನೆಯವ್ರು ಸಣ್ಣಜೇನು ದೊಡ್ಡಜೇನು ಅಂತ ಭೇದ ಮಾಡೋರಲ್ಲ. ಕರ್ಕೊಂಡ್ಹೋಗಿ, ಕತ್ತಲಾಗೋದ್ರೊಳಗೆ ಮುಗಿಸಿಕೊಡ್ತಾರೆ."